ಕಾಗದದ ಕೈಗೆಲಸ: ಮೆಂತ್ಯ, ಮೈದಾ, ಮಾಳಿಗೆಯ ಬಿಸಿಲು

ಲಗ್ನದ ಮುಹೂರ್ತಗಳೆಲ್ಲ ತೀರಿ ಆಷಾಢವು ಕಾಲಿಡುವ ವೇಳೆಗೆ, ಕಲಬುರಗಿಯ ಬ್ರಹ್ಮಪುರದಂತಹ ಹಳೆಯ ವಸತಿಯಲ್ಲಿ ಬಂಧುಬಳಗವುಳ್ಳ ಯಾವ ಮನೆಯನ್ನು ಹೊಕ್ಕರೂ, ದೇವರ ಜಗಲಿಯ ಮಗ್ಗುಲಿಗೋ ಗೋಡೆಯ ಮಾಡದೊಳಗೋ ಲಗ್ನಪತ್ರಿಕೆಗಳ ಒಂದು ಕಂತೆ ಸೇರಿಕೊಂಡಿರುವುದನ್ನು ಕಾಣಬಹುದು. ಮದುವೆ ಮುಗಿದಿದೆ, ಮುಯ್ಯಿ ಬರೆಸಿದ್ದಾಗಿದೆ, ಪತ್ರಿಕೆಯ ಪ್ರಯೋಜನ ತೀರಿಹೋಗಿದೆ. ಆದರೂ ಮುಖಪುಟದ ಮೇಲೆ ಶರಣಬಸವೇಶ್ವರರೋ ವಿಘ್ನೇಶ್ವರನೋ ಹೊನ್ನಿನ ಬಣ್ಣದಲ್ಲಿ ಪ್ರಸನ್ನವದನರಾಗಿ ಕುಳಿತಿರುವುದರಿಂದ ಅದನ್ನು ಕಸಕ್ಕೆ ಎಸೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಬಾರದು. ಈ ಭಕ್ತಿಮಿಶ್ರಿತ ಸಂಕೋಚವು ನಮಗೊಂದು ಉಪಕಾರವನ್ನೇ ಮಾಡಿದೆ. ದಪ್ಪನಾದ, ನುಣುಪಾದ, ಕೆಲವೊಮ್ಮೆ ಉಬ್ಬಚ್ಚಿನಿಂದ ಅಲಂಕೃತವಾದ ಬೆಲೆಯುಳ್ಳ ಕಾಗದವು, ಕಾಸು ಖರ್ಚಿಲ್ಲದೆ, ತಾನಾಗಿಯೇ ಮನೆಯೊಳಗೆ ಸಂಚಯವಾಗಿರುವುದು.

ಶುಭಾಶಯಪತ್ರ, ಲಕೋಟೆ, ಸಣ್ಣ ಪೆಟ್ಟಿಗೆ, ಬುಟ್ಟಿ, ದೀಪದ ಗೂಡು ಮೊದಲಾದವನ್ನು ಸ್ವಹಸ್ತದಿಂದ ಮಾಡಿಕೊಳ್ಳುವ ಹವ್ಯಾಸವು ನಮ್ಮ ನಗರಗಳಲ್ಲಿ ಮತ್ತೆ ತಲೆಯೆತ್ತಿರುವುದು ಸಂತೋಷದ ಸಂಗತಿಯೇ ಸರಿ; ಆದರೆ ಅದನ್ನು ಕಲಿಸಲು ಹೊರಟವರಲ್ಲಿ ಬಹುಮಂದಿ ಯಂತ್ರದಿಂದ ಕತ್ತರಿಸಿದ ಹೂಗಳು, ಮಿನುಗುಪುಡಿ, ಅಂಟುಪಟ್ಟಿ, ವಿಧವಿಧವಾದ ಮುದ್ರೆಗಳು ಎಂದು ಅಂಗಡಿಯ ಪಟ್ಟಿಯೊಂದನ್ನು ಮೊದಲು ಕೈಗೆ ಕೊಡುವುದರಿಂದ, ಕಲಿಯುವವನು ಕೊಳ್ಳುವುದನ್ನು ಕಲಿಯುವನೇ ಹೊರತು ಕಾಗದವನ್ನು ಅರಿಯುವುದಿಲ್ಲ. ಬರಹವನ್ನು ಹೊರುವ ವಾಹನವೆಂದು ಮಾತ್ರ ನಾವು ಬಲ್ಲ ಈ ಕಾಗದಕ್ಕೆ ತನ್ನದೇ ಆದ ಎಳೆಯುಂಟು, ನೀರು ಕಂಡರೆ ಹಿಗ್ಗುವ, ಬಿಸಿಲು ಕಂಡರೆ ಕುಗ್ಗುವ ಸ್ವಭಾವವುಂಟು, ಅಂಟನ್ನು ಹೀರಿಕೊಳ್ಳುವ ಅಥವಾ ನಿರಾಕರಿಸುವ ಹಟವುಂಟು. ಇದನ್ನು ಬಲ್ಲವರು ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಇದ್ದರು. ಮದುಮಕ್ಕಳಿಗೆ ಬೆಂಡು, ಬಣ್ಣದ ಕಾಗದ, ಬೇಗಡೆಗಳಿಂದ ಬಾಸಿಂಗ ಕಟ್ಟುವವರು, ಮೊಹರಮ್ಮಿಗೆ ಬಿದಿರುಸೀಳಿನ ಮೇಲೆ ಕಾಗದದ ಗುಮ್ಮಟವನ್ನು ನಿಲ್ಲಿಸಿ ತಾಬೂತು ಕಟ್ಟುವವರು, ಕಿರಾಣಾ ಬಜಾರದಲ್ಲಿ ಕಾಲು ಕಿಲೋ ಸಕ್ಕರೆಯನ್ನು ಒಂದು ಹಾಳೆ, ಒಂದು ಎಳೆ ದಾರ ಇವೆರಡರಿಂದಲೇ ಒಂದು ಕಾಳೂ ಸೋರದಂತೆ ಪೊಟ್ಟಣ ಕಟ್ಟಿಕೊಡುತ್ತಿದ್ದ ಅಂಗಡಿಕಾರರು, ಇವರೆಲ್ಲರೂ ಈ ವಿದ್ಯೆಯಲ್ಲಿ ನಮಗೆ ಗುರುಸ್ಥಾನದಲ್ಲಿರತಕ್ಕವರು.

ಈ ಭಾಗಕ್ಕೆ ಕಾಗದವು ಹೊಸದೂ ಅಲ್ಲ. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ಅದರ ರಾಜಧಾನಿಯಾದ ಮೇಲೆ ಲೆಕ್ಕಪತ್ರ, ಫರ್ಮಾನು, ಗ್ರಂಥಲೇಖನಗಳಿಗೆಲ್ಲ ಕಾಗದವೇ ಆಧಾರವಾಯಿತು; ಹದಿನಾಲ್ಕನೆಯ ಶತಮಾನದಲ್ಲಿ ಮಹಮ್ಮದ್ ಬಿನ್ ತುಘಲಕನು ತನ್ನ ರಾಜಧಾನಿಯನ್ನು ದೌಲತಾಬಾದಿಗೆ ತಂದ ಕಾಲದೊಡನೆ ತಮ್ಮ ಕಸುಬಿನ ಮೂಲವನ್ನು ಹೆಣೆದುಕೊಂಡಿರುವ, ಆ ಊರಿನ ಬಳಿಯ ಕಾಗಜೀಪುರದ ಕೈಕಾಗದದವರು, ಮುಂದೆ ಬಹುಕಾಲ ನಮ್ಮೊಡನೆ ಅದೇ ನಿಜಾಮ ಸಂಸ್ಥಾನದ ಪ್ರಜೆಗಳಾಗಿದ್ದರು. ಇನ್ನು ಕನ್ನಡ ನಾಡಿನ ವರ್ತಕರು, ಮಠದವರು ಬಳಸುತ್ತಿದ್ದ ಕಡತವು ಕಾಗದವೇ ಅಲ್ಲವಾದರೂ ಕಾರ್ಡು ಮಾಡುವವನು ಒಮ್ಮೆ ನೋಡಲೇಬೇಕಾದ ವಸ್ತು: ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಎಂದು ಮಡಿಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು, ಒರೆಸಿ, ಮತ್ತೆ ಸರಿ ಬಳಿದರೆ ಪುನಃ ಹೊಸದು. ಇಂದು ಮಕ್ಕಳಿಗೆ ಅಚ್ಚರಿಯಿಂದ ತೋರಿಸುವ, ಎಳೆದರೆ ಉದ್ದವಾಗಿ ಬಿಚ್ಚಿಕೊಳ್ಳುವ ಮಡಿಕೆಯ ಪುಸ್ತಕವು ನಮ್ಮ ಅಜ್ಜಂದಿರ ಲೆಕ್ಕದ ಪೆಟ್ಟಿಗೆಯಲ್ಲಿಯೇ ಇದ್ದಿತು.

ಕೈಗೆಲಸದ ಅಭ್ಯಾಸಕ್ಕೆ ತೊಡಗುವವರಿಗೆ ನಾನು ಮೊದಲು ಹೇಳುವುದು ಕಾರ್ಡನ್ನಲ್ಲ, ಕಾಗದದ ಪುಟ್ಟಿಯನ್ನು. ಕಲಬುರಗಿ, ಬೀದರ, ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಒಂದು ತಲೆಮಾರಿನ ಹಿಂದೆ ಈ ಪುಟ್ಟಿಯಿಲ್ಲದ ಮನೆ ವಿರಳವಾಗಿದ್ದಿತು. ಮಕ್ಕಳು ಬರೆದು ಮುಗಿಸಿದ ವಹಿಗಳು, ಹಳೆಯ ಪತ್ರಿಕೆಗಳು, ಸಾಮಾನು ಕಟ್ಟಿ ತಂದ ಹಾಳೆಗಳು, ಇವನ್ನೆಲ್ಲ ವರ್ಷವಿಡೀ ಕೂಡಿಟ್ಟು, ಬೇಸಗೆಯ ಬಿಸಿಲು ಏರಿದ ಮೇಲೆ ಮನೆಯ ಹಿರಿಯ ಹೆಂಗಸು ಈ ಕೆಲಸವನ್ನು ಹೂಡುತ್ತಿದ್ದಳು. ಕಲಬುರಗಿಯ ಬಿಸಿಲನ್ನು ನಾವೆಲ್ಲರೂ ಬಯ್ಯುವವರೇ. ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮೀರಿ ನಿಲ್ಲುವ ಈ ಊರಿನಲ್ಲಿ ಬಿಸಿಲಿನಿಂದ ಉಪಕಾರ ಹೊಂದುವ ಕಸುಬುಗಳಲ್ಲಿ ಹಪ್ಪಳ–ಸಂಡಿಗೆಯನ್ನು ಬಿಟ್ಟರೆ ಇದೇ ಮುಖ್ಯವಾದುದೆಂದು ತೋರುವುದು.

ಅದರ ಕ್ರಮ ಹೀಗೆ. ಒಂದು ಕಿಲೋ ಒಣಕಾಗದವನ್ನು, ನುಣುಪು ಹೊಳಪಿನ ಹಾಳೆಗಳನ್ನು ಆರಿಸಿ ತೆಗೆದು, ಕತ್ತರಿಯಿಂದಲ್ಲ, ಕೈಯಿಂದಲೇ ಬೆರಳಗಲದ ಚೂರುಗಳಾಗಿ ಹರಿಯಬೇಕು. ಕತ್ತರಿಸಿದ ಅಂಚಿಗಿಂತ ಹರಿದ ಅಂಚಿನಲ್ಲಿ ನಾರು ಬಿಚ್ಚಿಕೊಂಡಿರುವುದರಿಂದ ಅದು ಬೇಗ ನೆನೆಯುವುದು. ಈ ಚೂರುಗಳನ್ನು ಎರಡು ಮೂರು ದಿನ ನೀರಿನಲ್ಲಿ ಮುಳುಗಿಸಿಟ್ಟು, ದಿನವೂ ನೀರನ್ನು ಬದಲಿಸಿ, ಕೊನೆಗೆ ಒಳ್ಳಿನಲ್ಲಿ ಹಾಕಿ, ಒಂದು ಚೂರಿನ ಗುರುತೂ ಉಳಿಯದಂತೆ ಕುಟ್ಟಬೇಕು; ಒಳ್ಳು ಇಲ್ಲದ ಮನೆಗಳಲ್ಲಿ ಮಿಕ್ಸರ್ ಸಾಕು, ಆದರೆ ಸ್ವಲ್ಪ ಸ್ವಲ್ಪವಾಗಿ, ಧಾರಾಳ ನೀರಿನೊಡನೆ ತಿರುವದಿದ್ದರೆ ಅದರ ಮೋಟಾರು ಸುಡುವುದು. ಮತ್ತೊಂದು ಪಾತ್ರೆಯಲ್ಲಿ 100 ಗ್ರಾಮಿನಷ್ಟು ಮೆಂತ್ಯವನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ನುಣ್ಣಗೆ ಅರೆದು, ಆ ಲೋಳೆಯನ್ನು ಹಿಂಡಿದ ಕಾಗದದ ಮುದ್ದೆಯಲ್ಲಿ ಚೆನ್ನಾಗಿ ನಾದಬೇಕು. ಮೆಂತ್ಯದ ಲೋಳೆ ನಾರುಗಳನ್ನು ಬಂಧಿಸುವುದು; ಅದರ ಕಹಿಯು ಹುಳವನ್ನು ದೂರವಿಡುವುದೆಂದು ಹಿರಿಯರ ನಂಬಿಕೆ. ಮುದ್ದೆಯ ಹದವನ್ನು ತೂಕದಿಂದ ಹೇಳುವುದು ಕಷ್ಟ. ಬ್ರಹ್ಮಪುರದ ಮುದುಕಿಯೊಬ್ಬಳು ತನ್ನ ಮೊಮ್ಮಗಳಿಗೆ ಇದನ್ನು ಹೇಳಿಕೊಡುತ್ತ, "ಕೈಗಿ ಅಂಟಬಾರ್ದವ್ವಾ, ಕೈ ಬಿಟ್ಟೂ ಹೋಗಬಾರ್ದು" ಎಂದುದನ್ನು ಕೇಳಿದ್ದೇನೆ. ಅದಕ್ಕಿಂತ ನಿಖರವಾದ ಮಾಪನವು ನನಗೆ ಇದುವರೆಗೆ ಸಿಕ್ಕಿಲ್ಲ.

ಆ ಬಳಿಕ ಕಂಠವಿಲ್ಲದ, ಬಾಯಿಯ ಕಡೆಗೆ ಅಗಲವಾಗುತ್ತ ಹೋಗುವ ಪಾತ್ರೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆಯಾದ ತೆಳುಬಟ್ಟೆಯನ್ನು ಹೊದಿಸಿ, ತುದಿಯಿಂದ ಕೆಳಕ್ಕೆ ಬೆರಳಿನ ಗಾತ್ರದ ದಪ್ಪಕ್ಕೆ ಮುದ್ದೆಯನ್ನು ಮೆತ್ತುತ್ತ ಬರಬೇಕು. ಕಂಠವುಳ್ಳ ಕೊಡದ ಮೇಲೆ ಪೂರ್ತಿಯಾಗಿ ಮೆತ್ತಿದರೆ ಪುಟ್ಟಿಯನ್ನು ಹೊರತೆಗೆಯುವ ಉಪಾಯವಿಲ್ಲ. ಕಾಗದವು ಒಣಗುವಾಗ ಕುಗ್ಗುವುದೆಂದು ಮೊದಲೇ ಹೇಳಿದೆನಷ್ಟೆ. ಅಚ್ಚಿನ ಮೇಲೆಯೇ ಪೂರ್ಣವಾಗಿ ಒಣಗಲು ಬಿಟ್ಟರೆ ಅದು ಪಾತ್ರೆಯನ್ನು ಬಿಗಿಯಾಗಿ ಅಪ್ಪಿಕೊಂಡು ಸೀಳುವುದು. ಆದುದರಿಂದ ಹೊರಮೈ ಗಟ್ಟಿಯಾಗಿ ಒಳಮೈ ಇನ್ನೂ ತಂಪಾಗಿರುವ ಹೊತ್ತಿನಲ್ಲಿ, ಸಾಮಾನ್ಯವಾಗಿ ಎರಡನೆಯ ದಿನದ ಸಂಜೆಗೆ, ಬಟ್ಟೆಯ ಸಮೇತ ಮೆಲ್ಲಗೆ ಕಳಚಿ, ಮೇಲ್ಮುಖವಾಗಿ ಮಾಳಿಗೆಯ ಮೇಲಿಟ್ಟು, ಮತ್ತೆ ನಾಲ್ಕೈದು ದಿನ ಒಣಗಿಸಬೇಕು. ಒಣಗಿದ ಪುಟ್ಟಿಗೆ ತಿಳಿಯಾದ ಮೈದಾ ಸರಿಯಲ್ಲಿ ಹಳೆಯ ಬಿಳಿಕಾಗದದ ಪಟ್ಟಿಗಳನ್ನು ಒಳಗೂ ಹೊರಗೂ ಅಂಟಿಸಿ, ಅದರ ಮೇಲೆ ಕೆಮ್ಮಣ್ಣು ಸಾರಿಸಿ, ಸುಣ್ಣದಿಂದ ಬಳ್ಳಿ ಬರೆದರೆ, ನೋಡುವುದಕ್ಕೆ ಮಣ್ಣಿನ ಪಾತ್ರೆಯ ಗಾಂಭೀರ್ಯ, ಎತ್ತುವುದಕ್ಕೆ ಹೂವಿನ ಹಗುರ. ಹಿಂದೆ ಇದರಲ್ಲಿ ಜೋಳದ ಹಿಟ್ಟು, ಖಡಕ್ ರೊಟ್ಟಿ, ಕುರಡಗಿಗಳನ್ನು ತುಂಬಿಡುತ್ತಿದ್ದರು. ಈಗ ಅದು ಸಲ್ಲದು. ಅಚ್ಚಿನ ಶಾಯಿಯುಳ್ಳ ಕಾಗದದಲ್ಲಿ ಆಹಾರವನ್ನು ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೇ ಎಚ್ಚರಿಕೆ ಕೊಟ್ಟಿರುವುದರಿಂದ, ಸೂಜಿದಾರ, ಕೌದಿಯ ಚಿಂದಿ, ಮಕ್ಕಳ ಆಟಿಕೆ, ಬಂದ ಪತ್ರಗಳು, ಇವಕ್ಕೆ ಪುಟ್ಟಿಯನ್ನು ಮೀಸಲಿಡುವುದು ಉಚಿತ.

ಪುಟ್ಟಿಯನ್ನು ಮಾಡಿದವನಿಗೆ ಕಾಗದದ ಬಾಯಾರಿಕೆಯ ಪರಿಚಯವಾಯಿತು. ಇನ್ನು ಕಾರ್ಡು ಮಾಡುವವನು ತಿಳಿಯಬೇಕಾದುದು ಅದರ ಎಳೆ. ಯಂತ್ರದಲ್ಲಿ ತಯಾರಾದ ಪ್ರತಿಯೊಂದು ಹಾಳೆಯಲ್ಲಿಯೂ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುವವು. ಆ ದಿಕ್ಕಿಗೆ ಸಮಾನಾಂತರವಾಗಿ ಮಡಿಚಿದರೆ ಮಡಿಕೆಯು ಗೆರೆ ಕೊಯ್ದಂತೆ ನೇರವಾಗಿ ಬರುವುದು. ಅಡ್ಡವಾಗಿ ಮಡಿಚಿದರೆ ಬೆನ್ನು ಒಡೆದು, ಬಣ್ಣ ಕಿತ್ತು, ಒಳಗಿನ ಬಿಳುಪು ಹಲ್ಲು ಕಿರಿಯುವುದು. ದಿಕ್ಕನ್ನು ಕಂಡುಕೊಳ್ಳಲು ಹಾಳೆಯನ್ನು ಮಡಿಚದೆ, ಅಂಗೈಯಿಂದ ಮೆಲ್ಲಗೆ ಒತ್ತಿ ಒಮ್ಮೆ ಉದ್ದಕ್ಕೂ ಒಮ್ಮೆ ಅಗಲಕ್ಕೂ ಬಾಗಿಸಿ ನೋಡಬೇಕು. ಯಾವ ಕಡೆಗೆ ಅದು ಕಡಿಮೆ ಪ್ರತಿಭಟಿಸುವುದೋ ಆ ಮಡಿಕೆಯ ಗೆರೆಯೇ ಎಳೆಯ ದಿಕ್ಕು. ಅಂಗಡಿಯವರು ಮಾರುವ ದೊಡ್ಡ ಡ್ರಾಯಿಂಗ್ ಶೀಟನ್ನು ಕಾರ್ಡಿನ ಅಳತೆಗೆ ಕೊಯ್ಯುವ ಮೊದಲೇ ಈ ಪರೀಕ್ಷೆಯಾಗಬೇಕು, ಕೊಯ್ದ ಮೇಲೆ ಪರಿತಪಿಸಿ ಫಲವಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟಿನ ಸುತ್ತಲಿನ ಯಾವ ಲೇಖನಸಾಮಗ್ರಿಯ ಅಂಗಡಿಯಲ್ಲಿಯಾದರೂ 200ರಿಂದ 250 ಜಿ.ಎಸ್.ಎಂ. ತೂಕದ ಕಾರ್ಡ್ ಶೀಟ್ ದೊರೆಯುವುದು. ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಮು ಭಾರವುಳ್ಳದ್ದು. 21 ಸೆಂಟಿಮೀಟರು ಉದ್ದ, 14.8 ಸೆಂಟಿಮೀಟರು ಅಗಲದ ಒಂದು ತುಂಡನ್ನು ನಡುವೆ ಮಡಿಚಿದರೆ ಅಂಗೈಗೆ ಒಪ್ಪುವ ಕಾರ್ಡಾಗುವುದು. ಮಡಿಚುವ ಗೆರೆಯ ಮೇಲೆ ಮೊದಲು, ಅಳತೆಪಟ್ಟಿಯನ್ನು ಹಿಡಿದು, ಶಾಯಿ ತೀರಿದ ಬಾಲ್‌ಪೆನ್ನಿನ ಮೊನೆಯಿಂದ ಒಮ್ಮೆ ಒತ್ತಿ ಎಳೆಯಬೇಕು. ಬಳಿಕ ಮಡಿಚಿ, ಚಮಚದ ಬೆನ್ನಿನಿಂದ ಉಜ್ಜಬೇಕು. 240 ಜಿ.ಎಸ್.ಎಂ. ಹಾಳೆಯ ಇಂತಹ ಕಾರ್ಡು ಸುಮಾರು ಏಳೂವರೆ ಗ್ರಾಮು ತೂಗುವುದು, ತೆಳುವಾದ ಲಕೋಟೆಗೆ ಇನ್ನೊಂದು ಮೂರು ನಾಲ್ಕು ಗ್ರಾಮು. ಸಾಮಾನ್ಯ ಅಂಚೆಯ ಮೊದಲ ಮಜಲಾದ 20 ಗ್ರಾಮಿನೊಳಗೆ ಅಲಂಕಾರಕ್ಕೂ ಅಂಟಿಗೂ ಸೇರಿ ಎಂಟು ಒಂಬತ್ತು ಗ್ರಾಮು ನಿಮ್ಮ ಸ್ವಾತಂತ್ರ್ಯಕ್ಕೆ ಬಿಟ್ಟಂತಾಯಿತು. ಮಣಿ, ಮಿಂಚುಕಲ್ಲು, ಗುಂಡಿಗಳನ್ನು ಅಂಟಿಸುವವರು ಈ ಲೆಕ್ಕವನ್ನು ಮರೆಯುವರು. ಅಂಚೆಯ ಮುದ್ರೆ ಬೀಳುವ ಸ್ಥಳದಲ್ಲಿ ಉಬ್ಬಿದ ವಸ್ತುವಿದ್ದರೆ ಅದೂ ಒಡೆಯುವುದು, ಲಕೋಟೆಯೂ ಹರಿಯುವುದು. ಈ ನಗರದಲ್ಲಿ ಕನ್ನಡದಷ್ಟೇ ಸಹಜವಾಗಿ ಉರ್ದುವೂ ಓದಲ್ಪಡುವುದರಿಂದ ಮತ್ತೊಂದು ಸೂಕ್ಷ್ಮವನ್ನು ಹೇಳಬೇಕಾಗಿದೆ. ಈದ್ ಹಬ್ಬಕ್ಕೆ ಉರ್ದುವಿನಲ್ಲಿ ಬರೆದುಕೊಡುವ ಕಾರ್ಡಿನ ಮಡಿಕೆಯು ಬಲಗಡೆಗೆ ಇರಬೇಕು. ಎಡಕ್ಕೆ ಮಡಿಚಿದ ಕಾರ್ಡನ್ನು ಕೊಟ್ಟರೆ ಪಡೆದವರು ಸೌಜನ್ಯದಿಂದ ಏನೂ ಹೇಳದಿದ್ದರೂ, ಹಿಂಬದಿಯಿಂದ ತೆರೆದಂತೆಯೇ ಅವರಿಗೆ ತೋರುವುದು.

ಅಂಟಿನ ವಿಷಯದಲ್ಲಿ ನಾನು ಹಳಬನು. ಸೀಸೆಯ ಗೋಂದು ಬೇಗ ಒಣಗಿ ಹಳದಿಗಟ್ಟುವುದು, ಕೊಳವೆಯ ಅಂಟು ವಾಸನೆಯುಳ್ಳದ್ದು. ಮೈದಾ ಸರಿಗೆ ಈ ದೋಷಗಳಿಲ್ಲ. ಎರಡು ಚಮಚ ಮೈದಾವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಹತ್ತು ಹನ್ನೆರಡು ಚಮಚದಷ್ಟು ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿದ್ದರೆ, ಹಾಲಿನಂತಿದ್ದುದು ಕ್ರಮೇಣ ಪಾರದರ್ಶಕವಾಗಿ ಹೊಳೆಯತೊಡಗುವುದು. ಆಗ ಇಳಿಸಿ, ಒಂದು ಚಿಟಿಕೆ ಪಟಿಕದ ಪುಡಿಯನ್ನು ಸೇರಿಸಿ, ಪೂರ್ಣವಾಗಿ ಆರಿದ ಮೇಲೆ ಉಪಯೋಗಿಸಬೇಕು. ಪುಸ್ತಕ ಕಟ್ಟುವವರು ಹುಳ ಬೀಳದಂತೆ ಮೈಲುತುತ್ತವನ್ನು ಹಾಕುತ್ತಿದ್ದರು. ಅದು ವಿಷವಾದುದರಿಂದ ಮಕ್ಕಳಿರುವ ಮನೆಯಲ್ಲಿ ಬೇಡ, ಎರಡು ಮೂರು ದಿನಕ್ಕೊಮ್ಮೆ ಹೊಸದಾಗಿ ಕಾಯಿಸಿಕೊಂಡರಾಯಿತು. ಅಂಟಿಸಿದ ಹಾಳೆಯು ಬಾಗುವುದೇಕೆಂದು ಹಲವರು ಕೇಳುವರು. ಸರಿ ಬಳಿದ ಮೇಲ್ಕಾಗದವು ತೇವದಿಂದ ಹಿಗ್ಗಿದ ಸ್ಥಿತಿಯಲ್ಲಿ ಕೆಳಗಿನ ರಟ್ಟಿಗೆ ಹತ್ತಿಕೊಂಡು, ಒಣಗುತ್ತ ಕುಗ್ಗುವಾಗ ರಟ್ಟನ್ನೂ ತನ್ನ ಕಡೆಗೆ ಸೆಳೆಯುವುದರಿಂದ ಈ ವಕ್ರತೆ ಉಂಟಾಗುವುದು. ಹಿಂಬದಿಗೂ ಅದೇ ದಿಕ್ಕಿನ ಎಳೆಯುಳ್ಳ ಒಂದು ಹಾಳೆಯನ್ನು ಅಂಟಿಸಿ, ರಾತ್ರಿಯಿಡೀ ದಪ್ಪಪುಸ್ತಕಗಳ ಕೆಳಗೆ ಇಟ್ಟರೆ ಎರಡೂ ಸೆಳೆತಗಳು ಪರಸ್ಪರ ಸಮವಾಗಿ ರಟ್ಟು ನೆಟ್ಟಗಾಗುವುದು.

ಲಗ್ನಪತ್ರಿಕೆಗಳನ್ನೂ ಹಳೆಯ ಕ್ಯಾಲೆಂಡರುಗಳನ್ನೂ ಬಳಸುವಾಗ ಒಂದು ತೊಡಕುಂಟು. ಅವುಗಳ ಹೊಳಪುಮೈ ಅಂಟನ್ನು ಹೀರದು. ಬರೆಯಲು ಹೋದರೆ ಶಾಯಿ ಜಾರುವುದು. ಅಂಟು ತಗಲಬೇಕಾದ ಅಂಚನ್ನಷ್ಟು ಸಣ್ಣ ಉಸುಕುಕಾಗದದಿಂದ ಎರಡು ಸಲ ಉಜ್ಜಿದರೆ ಹೊಳಪು ಹೋಗಿ ನಾರು ಬಾಯ್ದೆರೆಯುವುದು. ಕ್ಯಾಲೆಂಡರೆಂದಾಗ ಕಲಬುರಗಿಯವರಿಗೆ ಎಸ್. ಎಂ. ಪಂಡಿತರ ಸ್ಮರಣೆಯಾಗದಿರಲಾರದು. 1916ರಲ್ಲಿ ಈ ಊರಿನಲ್ಲಿ ಜನಿಸಿ, ಮುಂಬಯಿಯಲ್ಲಿ ಚಲಚ್ಚಿತ್ರಗಳ ಭಿತ್ತಿಪತ್ರಗಳಿಂದಲೂ ಪುರಾಣಚಿತ್ರಗಳಿಂದಲೂ ಖ್ಯಾತರಾಗಿ, 1993ರಲ್ಲಿ ಗತಿಸಿದ ಈ ಮಹನೀಯರ ಕೃಷ್ಣಾರ್ಜುನರು, ನಳದಮಯಂತಿಯರು ಭಾರತದ ಅಸಂಖ್ಯ ಮನೆಗಳ ಗೋಡೆಗಳ ಮೇಲೆ ಕ್ಯಾಲೆಂಡರುಗಳ ರೂಪದಲ್ಲಿ ನೆಲಸಿದ್ದರು. ಅವರ ಹೆಸರಿನ ರಂಗಮಂದಿರವೇ ಇಂದು ನಮ್ಮ ನಗರದಲ್ಲಿದೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅವರ ಸಹಿಯುಳ್ಳ ಹಳೆಯ ಮುದ್ರಣವೇನಾದರೂ ದೊರೆತರೆ, ದಯವಿಟ್ಟು ಅದರ ಮೇಲೆ ಕತ್ತರಿಯನ್ನಾಡಿಸಬೇಡಿರಿ, ಚೌಕಟ್ಟು ಹಾಕಿಸಿರಿ. ಲಕೋಟೆಗೆ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರೇ ಯೋಗ್ಯ.

ಕ್ರಿಸ್‌ಮಸ್ ಶುಭಾಶಯಪತ್ರಗಳನ್ನು ಅಚ್ಚು ಹಾಕಿಸಿ ಮಾರುವ ಪದ್ಧತಿಯು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತನು, ಎಲ್ಲರಿಗೂ ಪ್ರತ್ಯೇಕವಾಗಿ ಪತ್ರ ಬರೆಯಲು ಬಿಡುವಿಲ್ಲವೆಂದು ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರವನ್ನು ಬರೆಸಿ ಮುದ್ರಿಸಿದುದರಿಂದ ಆರಂಭವಾಯಿತೆಂದು ಹೇಳುವರು. ಅಂದರೆ ಅದರ ಹುಟ್ಟೇ ಸಮಯಾಭಾವದಿಂದ. ನಮ್ಮ ಉತ್ತರ ಕರ್ನಾಟಕದ ಸಂಕ್ರಾಂತಿಯ ಭೇಟಿಕಾರ್ಡಿಗೆ ಬೇರೆಯೇ ಒಂದು ಕಾರಣವಿದ್ದಿತು: ದೂರದಲ್ಲಿರುವವರಿಗೂ ಎಳ್ಳು ಮುಟ್ಟಬೇಕು. ಮಹಾರಾಷ್ಟ್ರದ ನೆರೆಯವರಂತೆಯೇ ನಮ್ಮವರೂ ಚಿಕ್ಕದೊಂದು ಕಾರ್ಡಿನೊಳಗೆ ಕುಸುರೆಳ್ಳಿನ ಪುಟಾಣಿ ಪೊಟ್ಟಣವನ್ನಿರಿಸಿ ಅಂಚೆಗೆ ಹಾಕುತ್ತಿದ್ದರು. ಎಳ್ಳಿಗೆ ಸಕ್ಕರೆಪಾಕವನ್ನು ಹನಿಹನಿಯಾಗಿ ಹಾಕುತ್ತ, ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ, ಕಾಳಿನ ಮೈಮೇಲೆ ಬಿಳಿಯ ಮುಳ್ಳುಗಳನ್ನು ಎಬ್ಬಿಸುವ ಆ ತಾಳ್ಮೆಯ ಕೆಲಸವನ್ನು ಕಂಡವರಿಗೆ, ಅಂತಹ ಕಾಳುಗಳನ್ನು ಅಂಗಡಿಯ ಅಚ್ಚಿನ ಕಾರ್ಡಿನಲ್ಲಿಟ್ಟು ಕಳುಹಿಸಲು ಮನಸ್ಸಾಗದು.

ಆ ಕಾರ್ಡನ್ನು ಮಾಡುವ ಬಗೆ ಸುಲಭವಾಗಿದೆ. ಏಳು ಸೆಂಟಿಮೀಟರಿನ ಚೌಕವಾದ ಬೆಣ್ಣೆಕಾಗದದ ಒಂದು ತುಂಡನ್ನು ತೆಗೆದುಕೊಂಡು, ಮೂರು ಮೂಲೆಗಳನ್ನು ನಡುವಿಗೆ ತಂದು ಸರಿಯಿಂದ ಹತ್ತಿಸಿ, ನಾಲ್ಕನೆಯದರಿಂದ ಒಂದು ಚಿಟಿಕೆ ಕುಸುರೆಳ್ಳನ್ನು ಒಂದೇ ಪದರವಾಗಿ ಹರಡುವಂತೆ ತುಂಬಿ ಮುಚ್ಚಬೇಕು. ರಾಶಿಯಾಗಿ ತುಂಬಿದರೆ ಅಂಚೆಯ ಯಂತ್ರದಲ್ಲಿ ಪುಡಿಯಾಗುವುದು. ಸಾಧಾರಣ ಕಾಗದದಲ್ಲಿ ಕಟ್ಟಿದರೆ ಸಕ್ಕರೆಯು ತೇವವನ್ನು ಸೆಳೆದು ಕಲೆ ಬೀಳುವುದು. ಕಾರ್ಡಿನ ಒಳಭಾಗದಲ್ಲಿ ಕೋರೆಯಾಗಿ ಎರಡು ಸೀಳುಗಳನ್ನು ಮಾಡಿ, ಪೊಟ್ಟಣದ ಎದುರುಬದುರು ಮೂಲೆಗಳನ್ನು ಅವುಗಳೊಳಗೆ ಸಿಕ್ಕಿಸಿದರೆ ಅಂಟಿನ ಅವಶ್ಯಕತೆಯೂ ಇಲ್ಲ. ಹೊರಗೆ ಏನನ್ನು ಬರೆಯಬೇಕೆಂಬುದನ್ನು ನಿಮಗೇ ಬಿಟ್ಟಿದ್ದೇನೆ. ಚಿತ್ರ ಬಾರದವರು ಒಂದು ಜೋಳದ ತೆನೆಯ ಆಕಾರವನ್ನು ರಟ್ಟಿನಲ್ಲಿ ಕೊರೆದು, ಆ ರಂಧ್ರದ ಮೂಲಕ ಸ್ಪಂಜಿನಿಂದ ಬಣ್ಣವನ್ನು ತಟ್ಟಿದರೆ, ಎಲ್ಲ ಕಾರ್ಡುಗಳ ಮೇಲೂ ತೆನೆ ಒಂದೇ ತೆರನಾಗಿ ಬರುವುದು. ದಸರೆಗಾದರೆ ಬನ್ನಿಯ ಎಲೆಯ ಕಿರುಗೊಂಬೆಯನ್ನು ಎರಡು ವಾರ ಮೊದಲೇ ಪುಸ್ತಕದ ನಡುವೆ ಒತ್ತಿಟ್ಟು, ತೆಳುಸರಿಯಿಂದ ಹತ್ತಿಸಬಹುದು. ಹಸಿರೆಲೆಯನ್ನು ಹಾಗೆಯೇ ಅಂಟಿಸಿದರೆ ಕಪ್ಪಾಗಿ ಉದುರುವುದು.

ಕಾರ್ಡಿನ ಮೈಗೆ ಚಿತ್ರವೇ ಬೇಕೆಂದಿಲ್ಲ, ಬಣ್ಣವೇ ಸಾಲದೇ ಎನ್ನುವವರಿಗೆ ನಮ್ಮ ನೆರೆಯ ವಿಜಾಪುರವು ಒಂದು ಮಹಾಮಾರ್ಗವನ್ನು ತೋರಿಸಿಕೊಟ್ಟಿದೆ. ಆದಿಲಶಾಹಿಯ ಕಾಲದಲ್ಲಿ, 17ನೆಯ ಶತಮಾನದ ಮೊದಲರ್ಧದಲ್ಲಿ, ಅಲ್ಲಿಯ ಚಿತ್ರಕಾರರು ನೀರಿನ ಮೇಲೆ ಬಣ್ಣಗಳನ್ನು ತೇಲಿಬಿಟ್ಟು, ಕಲಕಿ, ಆ ಮೋಡದಂತಹ ವಿನ್ಯಾಸವನ್ನು ಕಾಗದದ ಮೇಲೆ ಎತ್ತಿಕೊಳ್ಳುವ ಅಬ್ರಿ ಎಂಬ ಕಲೆಯನ್ನು ಎಷ್ಟರ ಮಟ್ಟಿಗೆ ಬೆಳೆಸಿದರೆಂದರೆ, ಅಂಚಿನ ಅಲಂಕಾರವಾಗಿದ್ದ ಅದನ್ನು ಮನುಷ್ಯ ಪಶುಗಳ ದೇಹವನ್ನೇ ರೂಪಿಸುವುದಕ್ಕೆ ಬಳಸಿದರು. ಎಲುಬು ಬಿಟ್ಟ ಕುದುರೆಯೊಂದನ್ನೂ ಅದರ ಸವಾರನನ್ನೂ ಹೀಗೆ ಬರೆದ ವಿಜಾಪುರದ ಚಿತ್ರವು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ನೀರಿಗೆ ಸ್ವಲ್ಪ ಮಂದತೆ ಬಾರದೆ ಬಣ್ಣ ತೇಲದು. ಆ 'ಮಂದತೆ'ಗಾಗಿ ಪರ್ಷಿಯ, ತುರ್ಕಿ ದೇಶಗಳವರು ಬಳಸುತ್ತಿದ್ದ ದ್ರವ್ಯಗಳಲ್ಲಿ ಮೆಂತ್ಯದ ಲೋಳೆಯೂ ಒಂದೆಂಬುದನ್ನು ತಿಳಿದಾಗ, ಹಳ್ಳಿಯ ಪುಟ್ಟಿಗೂ ಅರಸರ ಚಿತ್ರಶಾಲೆಗೂ ಒಂದೇ ಕಾಳು ಸಾಕಾಯಿತಲ್ಲ ಎಂದು ನನಗೆ ಬಹಳ ಹರ್ಷವಾಯಿತು.

ಮನೆಯಲ್ಲಿ ಮಾಡುವವರು ಮೆಂತ್ಯವನ್ನು ಒಂದು ಹಗಲು ಒಂದು ರಾತ್ರಿ ಧಾರಾಳ ನೀರಿನಲ್ಲಿ ನೆನೆಯಿಟ್ಟು, ಅರೆಯದೆ, ಬಟ್ಟೆಯಲ್ಲಿ ಸೋಸಿ, ಬಂದ ಲೋಳೆನೀರನ್ನು ಅಗಲವಾದ ತಾಟಿನಲ್ಲಿ ಎರಡು ಬೆರಳ ಆಳಕ್ಕೆ ತುಂಬಬೇಕು. ಚಿತ್ರಕಾರರ ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿ ಕದಡಿ, ಕುಂಚದ ತುದಿಯಿಂದ ಹನಿ ಉದುರಿಸಿ, ಊದುಬತ್ತಿಯ ಕಡ್ಡಿಯಿಂದ ಒಂದೆರಡು ಸಲ ಎಳೆದು, ಕಾಗದವನ್ನು ಒಂದು ಮೂಲೆಯಿಂದ ಗಾಳಿಗುಳ್ಳೆ ಸಿಕ್ಕಿಕೊಳ್ಳದಂತೆ ನೀರಿನ ಮೇಲೆ ಇಳಿಸಿ, ತಕ್ಷಣವೇ ಎತ್ತಿ, ಹಗ್ಗದ ಮೇಲೆ ಒಣಹಾಕಬೇಕು. ಬಣ್ಣದ ಹನಿ ತಳಕ್ಕೆ ಮುಳುಗಿದರೆ ಟರ್ಪೆಂಟೈನು ಕಡಿಮೆಯಾಯಿತು. ಹರಡಿ ಮಾಯವಾದರೆ ಹೆಚ್ಚಾಯಿತು. ಒಲೆಯಿರುವ ಕೋಣೆಯಲ್ಲಿ ಇದನ್ನು ಮಾಡಲಾಗದು, ಕಿಟಕಿಗಳು ತೆರೆದಿರಬೇಕು. ಒಂದೇ ವಿನ್ಯಾಸ ಎರಡು ಸಲ ಬರುವುದಿಲ್ಲ. ಮಕ್ಕಳಿಗೆ ಇದೇ ಅತ್ಯಂತ ಪ್ರಿಯವಾಗುವುದು, ಮತ್ತು ತಾಟಿನ ಸುತ್ತ ಸ್ವಲ್ಪ ಜಗಳವೂ ನಡೆಯುವುದು.

ದೀಪಾವಳಿಯ ಆಕಾಶಬುಟ್ಟಿಯನ್ನು ಈಗ ಎಲ್ಲರೂ ಪ್ಲಾಸ್ಟಿಕ್ಕಿನದನ್ನೇ ಕೊಳ್ಳುವರಾದರೂ ಕಟ್ಟುವುದು ಕಠಿನವಲ್ಲ. 30 ಸೆಂಟಿಮೀಟರು ಉದ್ದದ ಹನ್ನೆರಡು ಬಿದಿರುಸೀಳುಗಳಿಂದ ಮೂರು ಸಮಚೌಕಗಳನ್ನು ಕಟ್ಟಿ, ಒಂದನ್ನು ಇನ್ನೊಂದರೊಳಗೆ ಕೋನದಿಂದ ತೂರಿಸಿ, ಎರಡೆರಡು ಮೂಲೆಗಳು ಕೂಡುವ ಆರು ಸ್ಥಳಗಳಲ್ಲಿ ದಾರದಿಂದ ಬಿಗಿದರೆ, ಎಂಟು ತ್ರಿಕೋನಗಳ ಗೂಡು ತಾನಾಗಿ ನಿಲ್ಲುವುದು. ಪತಂಗದ ತೆಳುಕಾಗದವನ್ನು ತ್ರಿಕೋನಕ್ಕಿಂತ ಎಲ್ಲ ಕಡೆಗೂ ಒಂದೂವರೆ ಸೆಂಟಿಮೀಟರು ದೊಡ್ಡದಾಗಿ ಕತ್ತರಿಸಿ, ಅಂಚನ್ನು ಸೀಳಿನ ಮೇಲೆ ಮಡಿಚಿ ಅಂಟಿಸಬೇಕು. ಕೆಳಗಿನ ಒಂದು ಮುಖವನ್ನು ಬಲ್ಬಿಗಾಗಿ ತೆರೆದಿಟ್ಟರಾಯಿತು. ಸಡಿಲವಾಗಿ ಬಂದ ಕಾಗದದ ಮೇಲೆ ಬಾಯಿಂದ ತುಂತುರು ನೀರು ಸಿಂಪಡಿಸಿದರೆ, ಒಣಗುತ್ತ ಅದು ತಮಟೆಯ ಚರ್ಮದಷ್ಟು ಬಿಗಿಯುವುದು. ತಾಬೂತು ಕಟ್ಟುವವರೂ ಪತಂಗ ಕಟ್ಟುವವರೂ ಇದನ್ನು ಬಲ್ಲರು. ಎಣ್ಣೆಯ ಹಣತೆ ಬೇಡ, ಬಿಸಿಯೇರದ ಎಲ್.ಇ.ಡಿ. ಬಲ್ಬೇ ಕ್ಷೇಮ.

ಇನ್ನು ಕಾಗದವನ್ನೇ ತಯಾರಿಸುವ ಉತ್ಸಾಹಿಗಳಿಗೆ ಹುಮನಾಬಾದ್ ರಸ್ತೆಯಲ್ಲಿ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿರೆಂದು ಹೇಳುವೆನು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಅಲ್ಲಿಯ ಕೆಂಪು ಬಾಳೆಯ ಹಣ್ಣನ್ನು ಎಲ್ಲರೂ ಬಲ್ಲರು. ಗೊನೆ ಕೊಯ್ದ ಮೇಲೆ ತೋಟದಲ್ಲಿ ಕಡಿದುರುಳಿಸುವ ದಿಂಡನ್ನು ಯಾರೂ ಕೇಳುವುದಿಲ್ಲ. ಅದರ ಹೊರಪದರಗಳನ್ನು ಬೆರಳಗಲದ ತುಂಡುಗಳಾಗಿ ಕೊಯ್ದು, ಬಟ್ಟೆ ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಸ್ಟೀಲಿನ ಪಾತ್ರೆಯಲ್ಲಿ ಎರಡು ಮೂರು ತಾಸು ಕುದಿಸಬೇಕು; ಅಲ್ಯುಮಿನಿಯಮ್ಮನ್ನು ಸೋಡಾ ತಿನ್ನುವುದು. ನೀರು ತಿಳಿಯಾಗುವವರೆಗೆ ತೊಳೆದು, ಮರದ ಕೊಡತಿಯಿಂದ ಬಡಿದು, ಅಷ್ಟೇ ಪ್ರಮಾಣದ ರದ್ದಿಕಾಗದದ ಮುದ್ದೆಯೊಡನೆ ತೊಟ್ಟಿಯ ನೀರಿನಲ್ಲಿ ಕದಡಿ, ಸೊಳ್ಳೆಯ ಜಾಳಿಗೆ ಬಿಗಿದ ಮರದ ಚೌಕಟ್ಟನ್ನು ಅದರಲ್ಲಿ ಮುಳುಗಿಸಿ ಸಮತಲವಾಗಿ ಎತ್ತಿದರೆ, ನೀರು ಸೋರಿ, ತೆಳುವಾದ ಹಾಳೆ ಜಾಳಿಗೆಯ ಮೇಲೆ ಉಳಿಯುವುದು. ಅದನ್ನು ಒದ್ದೆಬಟ್ಟೆಯ ಮೇಲೆ ಬೋರಲು ಹಾಕಿ, ಹಲಗೆಯಿಂದ ಒತ್ತಿ, ಗೋಡೆಗೆ ಹಚ್ಚಿ ಒಣಗಿಸಬೇಕು. ಒಣಗಿದ ಹಾಳೆಗೆ ಅನ್ನದ ತಿಳಿಗಂಜಿಯನ್ನು ಬಳಿದು, ಕವಡೆಯಿಂದ ಉಜ್ಜದಿದ್ದರೆ ಶಾಯಿ ಕದಡಿಹೋಗುವುದು. ದೊಡ್ಡ ಪ್ರಮಾಣದಲ್ಲಿ ಇದೇ ಕ್ರಿಯೆಯನ್ನು ನೋಡಬೇಕೆನ್ನುವವರಿಗೆ ಹುಬ್ಬಳ್ಳಿಯ ಬಳಿಯ ತಾರಿಹಾಳವಿದೆ. ಬನಿಯನ್ ಬಟ್ಟೆಯ ಚಿಂದಿಗಳಿಂದ ಅಲ್ಲಿ ತಯಾರಾಗುವ ಅರಳೆಕಾಗದವನ್ನು ದೇಶವಿದೇಶಗಳ ಜಲವರ್ಣಚಿತ್ರಕಾರರು ತರಿಸಿಕೊಳ್ಳುವರು.

ಮಾಡಿದುದನ್ನು ಕಾಪಾಡುವ ಬಗೆಗೆ ಎರಡು ಮಾತು. ಮೈದಾ ಸರಿಯು ಬೆಳ್ಳಿಹುಳಕ್ಕೆ ಬಹಳ ರುಚಿ. ಕಾರ್ಡುಗಳನ್ನು ಪೂರ್ಣವಾಗಿ ಒಣಗಿಸಿ, ಬೇವಿನ ಒಣ ಎಲೆಗಳೊಡನೆ ತಗಡಿನ ಡಬ್ಬಿಯಲ್ಲಿಡಬೇಕು, ಶ್ರಾವಣದ ಮಳೆ ಬಿಟ್ಟ ಮೇಲೆ ಒಂದು ದಿನ ನೆರಳಿನಲ್ಲಿ ಗಾಳಿಗೆ ಹಾಕಬೇಕು, ಬಿಸಿಲಿಗಿಟ್ಟರೆ ಬಣ್ಣ ಮಾಸುವುದು. ಪುಟ್ಟಿಯನ್ನು ಬೇಸಗೆಯಲ್ಲಿ, ಅಬ್ರಿಯನ್ನು ಮಳೆಗಾಲದ ರಜೆಗಳಲ್ಲಿ, ಆಕಾಶಬುಟ್ಟಿಯನ್ನು ದಸರೆ ಕಳೆದ ವಾರದಲ್ಲಿ ಹಿಡಿದರೆ ಅವಸರವಾಗದು. ಸಂಕ್ರಾಂತಿಯ ಕಾರ್ಡುಗಳನ್ನು ಡಿಸೆಂಬರಿನಲ್ಲಿಯೇ ಮಡಿಚಿಟ್ಟುಕೊಳ್ಳಬಹುದು. ಕುಸುರೆಳ್ಳನ್ನು ಮಾತ್ರ ಕೊನೆಗೆ ತುಂಬಿ, ಹೊರಗೆ 'ಮೆಲ್ಲಗೆ ಮುದ್ರೆ ಒತ್ತಿರಿ' ಎಂದು ಬರೆದು, ಜನವರಿಯ ಮೊದಲ ವಾರದೊಳಗೆ ಅಂಚೆಪೆಟ್ಟಿಗೆಗೆ ಹಾಕಿರಿ.